ಇಂದಿನ ಧಮ್ಮ ಚಿಂತನೆ: ರಾಜನ ದಾನ, ಪ್ರಜೆಯ ಪಾಲು



ಉಪಾಸಕ ಉಪಾಸಿಕೆಯರೇ, ದೀಘ ನಿಕಾಯದ ಕೂಟದಂತ ಸುತ್ತವನ್ನು ನಾವು ಸಾಮಾನ್ಯವಾಗಿ ಪ್ರಾಣಿಬಲಿಯ ವಿರುದ್ಧದ ಉಪದೇಶ ಎಂದು ಓದುತ್ತೇವೆ. ಸರಿಯೇ. ಆದರೆ ಅದರೊಳಗೆ ಬೊಕ್ಕಸದ ಪಾಠವೂ ಇದೆ.

ನೂರಾರು ಹೋರಿ, ಆಡು, ಟಗರುಗಳನ್ನು ಕಂಬಕ್ಕೆ ಕಟ್ಟಿಸಿದ್ದ ಬ್ರಾಹ್ಮಣ ಕೂಟದಂತ, ಯಜ್ಞ ಮಾಡುವ ಬಗೆ ಹೇಗೆಂದು ಬುದ್ಧರನ್ನೇ ಕೇಳಲು ಬರುತ್ತಾನೆ. ಬುದ್ಧರು ಮಹಾವಿಜಿತನೆಂಬ ರಾಜನ ಕತೆ ಹೇಳುತ್ತಾರೆ. ರಾಜನ ಕಣಜ ತುಂಬಿದೆ. ಮಹಾಯಜ್ಞ ಮಾಡುವ ಆಸೆ. ಪುರೋಹಿತ ತಡೆಯುತ್ತಾನೆ. ನಾಡಿನಲ್ಲಿ ಕಳ್ಳರ ಕಾಟವಿದೆ, ಊರುಗಳು ಲೂಟಿಯಾಗುತ್ತಿವೆ, ಈಗ ತೆರಿಗೆ ಏರಿಸುವುದು ಅನ್ಯಾಯ. ಕಳ್ಳರನ್ನು ಕೊಲ್ಲಿಸಿದರೂ ಸೆರೆಗೆ ಹಾಕಿದರೂ ಉಳಿದವರು ಮತ್ತೆ ಕಾಡುತ್ತಾರೆ. ಅದರ ಬದಲು ಉಳುವವನಿಗೆ, ದನ ಸಾಕುವವನಿಗೆ ಬೀಜ ಮತ್ತು ಆಹಾರ ಕೊಡು. ವ್ಯಾಪಾರಿಗೆ ಬಂಡವಾಳ ಕೊಡು. ಕೆಲಸದಲ್ಲಿರುವವನಿಗೆ ಊಟ, ಸಂಬಳ ಕೊಡು. ರಾಜ ಹಾಗೇ ಮಾಡಿದ. ಜನ ತಮ್ಮ ತಮ್ಮ ಕೆಲಸ ಹಿಡಿದರು, ಬೊಕ್ಕಸ ಬೆಳೆಯಿತು, ಬಾಗಿಲು ತೆರೆದಿಟ್ಟು ಮಲಗುವ ಕಾಲ ಬಂತು. ಯಜ್ಞ ನಡೆದದ್ದು ಆಮೇಲೆ. ಅದರಲ್ಲಿ ಒಂದು ಆಡೂ ಸಾಯಲಿಲ್ಲ, ದೊಣ್ಣೆಗೆ ಹೆದರಿ ಅಳುತ್ತ ದುಡಿದ ಆಳೂ ಇರಲಿಲ್ಲ.

ಒಂದು ಸಣ್ಣ ಸಂಗತಿ ಗಮನಿಸಿ. ಬೀಜಕ್ಕೆಂದು ತೆಗೆದ ಹಣ ಬೀಜಕ್ಕೇ ಹೋಯಿತು. ರಾಜ ಅದನ್ನು ಯಜ್ಞದ ಖರ್ಚಿಗೆ ಬರೆದುಕೊಳ್ಳಲಿಲ್ಲ.

ಈಗ ನಮ್ಮ ರಾಜ್ಯಕ್ಕೆ ಬರೋಣ. 2013ರಲ್ಲಿ ಕರ್ನಾಟಕ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ತಂದಿತು. ಒಳ್ಳೆಯ ಕಾಯ್ದೆ, ಅದಕ್ಕಾಗಿ ದಲಿತ ಸಂಘಟನೆಗಳು ಬೀದಿಗಿಳಿದಿದ್ದವು. ಅಭಿವೃದ್ಧಿ ಹಣದಲ್ಲಿ ಜನಸಂಖ್ಯೆಗೆ ತಕ್ಕ ಪಾಲು, ಅಂದರೆ ಪರಿಶಿಷ್ಟ ಜಾತಿಗೆ ಶೇ. 17.15, ಪಂಗಡಕ್ಕೆ ಶೇ. 6.95, ಒಟ್ಟು ಶೇ. 24.1. ಆದರೆ ಅದೇ ಕಾಯ್ದೆಯೊಳಗೆ 7ಡಿ ಎಂಬ ಕಿಂಡಿ ಇತ್ತು. ಪಾಲು ಮಾಡಲು ಬಾರದ ರಸ್ತೆ, ಸೇತುವೆಯಂಥ ಕಾಮಗಾರಿಗಳಲ್ಲಿ ಒಂದು ಭಾಗವನ್ನು ನಮಗಾಗಿ ಖರ್ಚಾಯಿತೆಂದು ಭಾವಿಸಬಹುದು! ನಾನು ಕನ್ನಡ ಮೇಷ್ಟ್ರು. ‘ಕೊಟ್ಟರು’ ಮತ್ತು ‘ಕೊಟ್ಟರೆಂದು ಭಾವಿಸಬಹುದು’ ಇವೆರಡರ ನಡುವಿನ ವ್ಯತ್ಯಾಸ ಏಳನೇ ತರಗತಿಯ ಮಗುವಿಗೂ ಗೊತ್ತು. ಇಂದು ವಿರೋಧ ಪಕ್ಷದಲ್ಲಿ ಕೂತು ದಲಿತರ ಹಣ ಎಂದು ಕೂಗುತ್ತಿರುವವರೂ ಅಧಿಕಾರದಲ್ಲಿದ್ದಾಗ ಈ ಕಿಂಡಿಯನ್ನು ಮುಚ್ಚಲಿಲ್ಲ.

2023ರಲ್ಲಿ 7ಡಿ ರದ್ದಾಯಿತು. ಆದರೆ 7ಸಿ ಉಳಿಯಿತು: ಎಲ್ಲರಿಗೂ ಇರುವ ಯೋಜನೆಯಲ್ಲಿ ನಮ್ಮವರಿಗೆ ಸಿಗುವ ಭಾಗವನ್ನು ಉಪಯೋಜನೆಯ ಲೆಕ್ಕಕ್ಕೆ ಹಾಕುವುದು. ಹೀಗೆ 2023-24ರಲ್ಲಿ 11 ಸಾವಿರ ಕೋಟಿಗೂ ಹೆಚ್ಚು, 2024-25ರಲ್ಲಿ 14 ಸಾವಿರ ಕೋಟಿಗೂ ಹೆಚ್ಚು ಹಣ ಗ್ಯಾರಂಟಿಗಳಿಗೆ ಹಂಚಿಕೆಯಾಯಿತು. ಸರ್ಕಾರದ ಉತ್ತರ: ಆ ಹಣ ನಿಮ್ಮ ಮನೆಗಳಿಗೇ ಬರುತ್ತಿದೆಯಲ್ಲ?

ಬರುತ್ತಿದೆ, ಸುಳ್ಳಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿಯಲ್ಲಿ ನಮ್ಮ ಕೇರಿಯ ತಾಯಂದಿರು ಗ್ಯಾಸು ತಂದಿದ್ದಾರೆ, ಮಗಳ ಪರೀಕ್ಷಾ ಶುಲ್ಕ ಕಟ್ಟಿದ್ದಾರೆ. ಅದನ್ನು ‘ಬಿಟ್ಟಿ ಭಾಗ್ಯ’ ಎಂದು ಆಡಿಕೊಳ್ಳುವ ಹೊಟ್ಟೆ ತುಂಬಿದವರ ಜೊತೆ ನಾವು ದನಿಗೂಡಿಸಬಾರದು.

ಆದರೆ ಒಂದೇ ಬಸ್ಸಿನಲ್ಲಿ ಅಕ್ಕಪಕ್ಕ ಕೂತ ಇಬ್ಬರು ಹೆಂಗಸರನ್ನು ನೆನೆಯಿರಿ. ಇಬ್ಬರ ಕೈಯಲ್ಲೂ ಸೊನ್ನೆ ಟಿಕೆಟ್. ಒಬ್ಬಳ ಟಿಕೆಟ್ ಹಣ ಎಲ್ಲರ ಖಜಾನೆಯಿಂದ. ಇನ್ನೊಬ್ಬಳದು, ಅವಳ ಮಗನ ಹಾಸ್ಟೆಲ್ಲಿಗೆ, ಗಂಗಾ ಕಲ್ಯಾಣದ ಬೋರ್‌ವೆಲ್ಲಿಗೆ, ಭೂ ಒಡೆತನದ ಎರಡು ಎಕರೆಗೆ ಬರಬೇಕಿದ್ದ ಹಣದಿಂದ. ಮೊದಲನೆಯವಳಿಗೆ ಸಿಕ್ಕಿದ್ದು ಪ್ರಜೆಯ ಹಕ್ಕು. ಎರಡನೆಯವಳು ಅದೇ ಹಕ್ಕಿಗೆ ತನ್ನ ಗಂಟಿನಿಂದಲೇ ದುಡ್ಡು ಕೊಟ್ಟಿದ್ದಾಳೆ, ಅವಳಿಗೇ ಗೊತ್ತಿಲ್ಲದೆ. ಮೇಲಾಗಿ ಕಂಡಕ್ಟರ್ ಜಾತಿ ಕೇಳುವುದಿಲ್ಲ, ಕೇಳಲೂಬಾರದು. ಹಾಗಾದರೆ ಎಷ್ಟು ಟಿಕೆಟ್ ನಮ್ಮವೆಂದು ಎಣಿಸಿದವರು ಯಾರು? ಮತ್ತೆ ಅದೇ ‘ಭಾವಿಸುವುದು’.

ಇದನ್ನು ಕೇಳಿದರೆ ನಮ್ಮಲ್ಲೇ ಕೆಲವರು, ಉಪ್ಪಿನ ಋಣ ಮರೀಬೇಡ್ರಿ, ನಮ್ಮವರೇ ಮಂತ್ರಿಯಾಗಿದ್ದಾರೆ ಎನ್ನುತ್ತಾರೆ. ಯಾರ ಉಪ್ಪು? ಬೆಂಕಿಪೊಟ್ಟಣ ಕೊಂಡರೂ ತೆರಿಗೆ ಕಟ್ಟುವವರು ನಾವು. ಗುರು ನಮ್ಮವನು ಎಂಬ ಕಾರಣಕ್ಕೆ ಮಾತನ್ನು ಒಪ್ಪಬೇಡಿ ಎಂದು ಕಾಲಾಮರಿಗೆ ಬುದ್ಧರು ಹೇಳಿದ್ದು ಮಂತ್ರಿಗಳಿಗೂ ಅನ್ವಯಿಸುತ್ತದೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ರಾಜಕೀಯದಲ್ಲಿನ ಭಕ್ತಿ ಸರ್ವಾಧಿಕಾರಕ್ಕೆ ದಾರಿ ಎಂದು ಎಚ್ಚರಿಸುವಾಗ, ನಮ್ಮ ಪಕ್ಷದ ಮೇಲಿನ ಭಕ್ತಿಗೆ ವಿನಾಯಿತಿ ಕೊಡಲಿಲ್ಲ.

ಕೂಟದಂತ ಕೊನೆಗೆ ಪ್ರಾಣಿಗಳನ್ನು ಬಿಟ್ಟುಬಿಟ್ಟ, ಏಕೆಂದರೆ ಅವನು ಕೇಳಲು ಬಂದಿದ್ದ. ಸರ್ಕಾರ ನಮ್ಮ ಬಳಿಗೆ ಕೇಳಲು ಬರುವುದಿಲ್ಲ, ನಾವೇ ಹೋಗಬೇಕು. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ. ಉತ್ತರ ಕೊಡಲು ಅವರಿಗೆ 30 ದಿನ.

ಈ ಭಾನುವಾರ ವಂದನೆ ಮುಗಿದ ಮೇಲೆ ಎರಡು ಅರ್ಜಿ ಬರೆಯೋಣ. ನಮ್ಮ ತಾಲ್ಲೂಕಿನ ಹಾಸ್ಟೆಲ್‌ಗಳಿಗೆ ಅರ್ಜಿ ಹಾಕಿದ ಮಕ್ಕಳೆಷ್ಟು, ಸೀಟು ಸಿಕ್ಕವರೆಷ್ಟು ಎಂದು ಒಂದು. ಗಂಗಾ ಕಲ್ಯಾಣದಲ್ಲಿ ಕೊರೆದ ಬೋರ್‌ವೆಲ್‌ಗಳೆಷ್ಟು, ಕರೆಂಟು ಬಂದು ನೀರೆತ್ತುತ್ತಿರುವವೆಷ್ಟು ಎಂದು ಇನ್ನೊಂದು. ಪಿಯುಸಿ ಓದುವ ಮಕ್ಕಳನ್ನೂ ಕರೆತನ್ನಿ, ಅವರ ಕೈಯಿಂದಲೇ ಬರೆಸೋಣ. ಬಿಳಿಹಾಳೆ, ಪೆನ್ನು ನಾನು ತರುತ್ತೇನೆ.

ಭವತು ಸಬ್ಬ ಮಂಗಲಂ. ಜೈ ಭೀಮ್.