ಕುಸ್ಕೋದಲ್ಲಿ ಕದ್ದ ಫೋಟೋ

ಕದ್ದ ಮಾಲು ದೊಡ್ಡದೇನಲ್ಲ. ಒಂದು ಫೋಟೋ. ಬೆಲೆ ಎರಡು ಸೋಲ್. ಸೋಲ್ ಅನ್ನೋದು ಪೆರು ದೇಶದ ದುಡ್ಡು. ಎರಡು ಸೋಲ್ ಅಂದ್ರೆ ನಮ್ಮ ಐವತ್ತು ರೂಪಾಯಿ ಆಸುಪಾಸು. ಬೆಂಗಳೂರಲ್ಲಿ ಅಷ್ಟಕ್ಕೆ ಒಂದು ಒಳ್ಳೆ ಮಸಾಲೆ ದೋಸೆಯೂ ಸಿಗಲ್ಲ. ಅಷ್ಟನ್ನು ಉಳಿಸೋಕೆ ಹೋಗಿ ಒಂದಿಡೀ ದಿನದ ನೆಮ್ಮದಿ ಕಳ್ಕೊಂಡೆ.

ಕ್ಲೈಂಟ್ ಕೆಲಸದ ಮೇಲೆ ಲಿಮಾಗೆ ಹೋಗಿದ್ದೆ. ವಾರಾಂತ್ಯಕ್ಕೆ ಒಬ್ಬನೇ ಕುಸ್ಕೋಗೆ ಫ್ಲೈಟ್ ಹಿಡಿದೆ. ಲಿಮಾ ಸಮುದ್ರದ ದಡದ ಊರು. ಅಲ್ಲಿಂದ ಒಂದೂವರೆ ಗಂಟೆಯೊಳಗೆ ಆಂಡೀಸ್ ಬೆಟ್ಟಗಳ ನಡುವೆ, ಸುಮಾರು 3,400 ಮೀಟರ್ ಎತ್ತರದಲ್ಲಿ ಇಳಿಸಿಬಿಡ್ತಾರೆ. ನಮ್ಮ ಮುಳ್ಳಯ್ಯನಗಿರಿ ಎರಡು ಸಾವಿರ ಮೀಟರ್ ಕೂಡ ಇಲ್ಲ ಅನ್ನೋದನ್ನ ನೆನಪಿಸಿಕೊಳ್ಳಿ. ಹೋಟೆಲಿನ ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು, ತಲೆನೋವು. ಹೋಟೆಲಿನವರು ಕೋಕಾ ಎಲೆ ಹಾಕಿದ ಬಿಸಿನೀರು ಕೊಟ್ಟು, ನಿಧಾನ ನಡಿ, ನಿಧಾನ ನಡಿ ಅಂತ ಕೈಸನ್ನೆ ಮಾಡಿದರು. ಮಾರನೇ ದಿನ ಬೆಳಿಗ್ಗೆ ನಿಧಾನಕ್ಕೇ ಹೊರಟೆ.

ಕುಸ್ಕೋದಲ್ಲಿ ನಿಧಾನ ನಡೆಯೋದು ಒಳ್ಳೇದೇ, ಯಾಕಂದ್ರೆ ಅಲ್ಲಿ ಗೋಡೆಗಳನ್ನೇ ನೋಡಬೇಕು. ಇಂಕಾ ಸಾಮ್ರಾಜ್ಯದ ರಾಜಧಾನಿ ಅದು. 1533ರಲ್ಲಿ ಸ್ಪ್ಯಾನಿಷರು ಬಂದರು. ಇಂಕಾಗಳ ಅರಮನೆ, ದೇವಾಲಯಗಳ ಬುಡ ಹಾಗೇ ಉಳಿಸ್ಕೊಂಡು ಮೇಲೆ ತಮ್ಮ ಮನೆ, ಚರ್ಚು ಕಟ್ಟಿದರು. ಹಾಗಾಗಿ ಎಷ್ಟೋ ಬೀದಿಗಳಲ್ಲಿ ಕೆಳಗೆ ಇಂಕಾ ಕಲ್ಲು, ಮೇಲೆ ಸುಣ್ಣ ಬಳಿದ ಸ್ಪ್ಯಾನಿಷ್ ಗೋಡೆ. ಹಾತುನ್ ರುಮಿಯೋಕ್ ಅನ್ನೋ ಇಕ್ಕಟ್ಟು ಬೀದಿಯಲ್ಲಿ ಹನ್ನೆರಡು ಮೂಲೆಗಳಿರೋ ಒಂದು ಪ್ರಸಿದ್ಧ ಕಲ್ಲಿದೆ. ಅಕ್ಕಪಕ್ಕದ ಕಲ್ಲುಗಳು ಆ ಹನ್ನೆರಡು ಮೂಲೆಗೂ ಸರಿಯಾಗಿ ಕೂತಿವೆ. ನಡುವೆ ಗಾರೆ ಇಲ್ಲ.

ಆಕೆ ನಿಂತಿದ್ದು ಆ ಬೀದಿಯ ತುದಿಯಲ್ಲಿ. ನಮ್ಮಮ್ಮನ ವಯಸ್ಸಿರಬಹುದು. ಎರಡು ಜಡೆ, ಅಗಲ ಟೋಪಿ, ದಪ್ಪ ಬಣ್ಣದ ಲಂಗ, ಕಂಕುಳಲ್ಲಿ ಒಂದು ಕುರಿಮರಿ. ನನ್ನ ಕೈಲಿದ್ದ ಕ್ಯಾಮೆರಾ ನೋಡಿ ಎರಡು ಬೆರಳು ತೋರಿಸಿದರು. ಹೀಗೆ ಪ್ರವಾಸಿಗರಿಗೆ ಫೋಟೋಗೆ ನಿಂತು ದುಡ್ಡು ತಗೊಳ್ಳೋರು ಕುಸ್ಕೋದಲ್ಲಿ ಬಹಳ ಜನ. ಅವರಿಗೆ 'ಸಾಕಮೆಫೋಟೋಸ್' ಅಂತ ಅಡ್ಡಹೆಸರೇ ಇದೆ. 'ನನ್ನ ಫೋಟೋ ತೆಗಿ' ಅಂತ ಅರ್ಥ.

ನನಗೆ ಒಂಥರಾ ಕಸಿವಿಸಿ. ಎಲ್ಲದಕ್ಕೂ ದುಡ್ಡಾ? ಎಲ್ಲಾ ವ್ಯಾಪಾರ ಮಾಡ್ಬಿಟ್ಟಿದ್ದಾರಲ್ಲ! 'ನೋ, ಗ್ರಾಸಿಯಾಸ್' ಅಂತ ಮುಂದೆ ಹೋದೆ. ಇಪ್ಪತ್ತು ಹೆಜ್ಜೆ ಹೋಗಿ, ಒಂದು ಬಾಗಿಲ ಮರೆಯಲ್ಲಿ ನಿಂತು, ಜೂಮ್ ಹಾಕಿ ಕ್ಲಿಕ್ ಮಾಡಿದೆ. ಕ್ಲಿಕ್ ಮಾಡೋ ಗಳಿಗೆಗೆ ಆಕೆ ನೋಡಿಬಿಟ್ಟರು. ಬೈಯಲಿಲ್ಲ, ಕೂಗಲಿಲ್ಲ. ಟೋಪಿಯ ಅಂಚು ಹಿಡಿದು ಮುಖದ ಮೇಲೆ ಎಳೆದುಕೊಂಡರು, ಅಷ್ಟೇ.

ಅಲ್ಲಿಂದ ನೇರ ದೊಡ್ಡ ಚೌಕದ ಕ್ಯಾಥೆಡ್ರಲ್‌ಗೆ ಹೋದೆ. 1560ರಲ್ಲಿ ಶುರುವಾಗಿ ಮುಗಿಯೋಕೆ ಹೆಚ್ಚುಕಡಿಮೆ ನೂರು ವರ್ಷ ತಗೊಂಡ ಕಟ್ಟಡ. ಅದರ ಎಷ್ಟೋ ಕಲ್ಲುಗಳು ಊರ ಮೇಲಿನ ಗುಡ್ಡದ ಸಾಕ್ಸಾಯ್‌ವಾಮಾನ್ ಅನ್ನೋ ಇಂಕಾ ಕೋಟೆಯಿಂದ ಕಿತ್ತು ತಂದವು. ಒಳಗೆ ಮಾರ್ಕೋಸ್ ಸಪಾಟಾ ಅನ್ನೋ 18ನೇ ಶತಮಾನದ ಕಲಾವಿದ ಬರೆದ 'ಕೊನೆಯ ಭೋಜನ' ಇದೆ. ಏಸುವಿನ ಮುಂದಿನ ತಟ್ಟೆಯಲ್ಲಿ ಆಂಡೀಸ್‌ನವರು ಹಬ್ಬಕ್ಕೆ ಮಾಡೋ ಕುಯ್, ಅಂದ್ರೆ ಗಿನಿಪಿಗ್, ಕಾಲು ಮೇಲೆತ್ತಿಕೊಂಡು ಮಲಗಿದೆ! ಫೋಟೋ ತೆಗೆಯೋ ಹಾಗಿಲ್ಲ ಅಂತ ಬೋರ್ಡಿತ್ತು. ಕ್ಯಾಮೆರಾ ಬ್ಯಾಗಿಗೆ ಹಾಕಿ, ಕೈಕಟ್ಟಿ ನಿಂತು ಹತ್ತು ನಿಮಿಷ ನೋಡಿದೆ.

ಆಮೇಲೆ ಒಂದು ಬೆಂಚಿನ ಮೇಲೆ ಕೂತಾಗ ತಲೆಗೆ ಬಂತು. ಇಲ್ಲಿ ಒಳಗೆ ಬರೋಕೆ ಟಿಕೆಟ್ ಕೇಳಿದರು, ಎರಡು ಸೋಲ್‌ಗಿಂತ ಎಷ್ಟೋ ಪಟ್ಟು ಜಾಸ್ತಿ. ಕೊಟ್ಟೆ. ಫೋಟೋ ತೆಗೀಬೇಡ ಅಂದರು. ಸುಮ್ಮನಾದೆ. ಚರ್ಚನ್ನು ವ್ಯಾಪಾರ ಮಾಡ್ಬಿಟ್ಟಿದ್ದಾರೆ ಅಂತ ಒಂದು ಸಲವೂ ಅನ್ನಿಸಲಿಲ್ಲ. ಬೀದಿಯಲ್ಲಿ ಒಬ್ಬ ಹೆಂಗಸು ತನ್ನ ಮುಖಕ್ಕೆ ಎರಡು ಸೋಲ್ ಕೇಳಿದ್ದಕ್ಕೆ ಮಾತ್ರ ನನ್ನ ಸಂಸ್ಕೃತಿಪ್ರೇಮ ಕೆರಳಿತು. ಹಾಗಾದ್ರೆ ನಾನು ಬೆಲೆ ಕೊಡೋದು ವಸ್ತುವಿಗಾ, ಅಥವಾ ಅದನ್ನು ಕಾಯೋ ಸೆಕ್ಯುರಿಟಿಯವನಿಗಾ?

ಕ್ಯಾಮೆರಾ ಆಚೆ ತೆಗೆಯದೆ ಆ ಫೋಟೋ ಕಣ್ಮುಂದೆ ಬಂತು. ಮುಖ ಮುಚ್ಚಿದ ಟೋಪಿ. ಅದರ ಹಿಂದೇನೇ ನಮ್ಮಜ್ಜಿಯೂ ಬಂದಳು.

ನಾನಾಗ ಏಳನೇ ಕ್ಲಾಸು. ನಮ್ಮೂರಲ್ಲಿ ರಾಗಿ ಒಕ್ಕಣೆ ಕಾಲಕ್ಕೆ ತೆನೆಯನ್ನ ಟಾರ್ ರಸ್ತೆ ಮೇಲೆ ಹರಡೋರು. ಬಸ್ಸು ಲಾರಿ ತುಳಿದು ಕಾಳು ಬಿಡಿಸಿ ಕೊಡ್ತಿದ್ದವು. ಸಂಜೆ ಗಾಳಿಗೆ ಅಜ್ಜಿ ಮೊರ ಎತ್ತಿ ತೂರ್ತಾ ಇದ್ದಳು. ಒಂದು ಕಾರು ನಿಂತಿತು. ಇಳಿದವರು ಸಿಟಿಯವರು, ಒಳ್ಳೆ ಜನ, ನನಗೆ ಚಾಕಲೇಟೂ ಕೊಟ್ಟರು. ಅಜ್ಜಿ ಸೆರಗು ಮುಖಕ್ಕೆ ಎಳೆದುಕೊಂಡಳು. 'ನಾಚ್ಕೋಬೇಡಿ ಅಜ್ಜಿ, ಹಂಗೇ ತೂರ್ತಾ ಇರಿ' ಅಂತ ಐದಾರು ಫೋಟೋ ತೆಗೆದರು. ಹೊರಡುವಾಗ ಅಜ್ಜಿ ಕೇಳಿದ್ದು ಒಂದೇ: 'ನಂಗೂ ಒಂದು ಕೊಡ್ತೀರೇನಪ್ಪಾ?'

'ಕಳಿಸ್ತೀವಿ ಅಜ್ಜಿ' ಅಂದರು. ವಿಳಾಸ ಬರೆದುಕೊಟ್ಟಿದ್ದು ನಾನೇ, ನನ್ನ ನೋಟ್‌ಬುಕ್ಕಿನ ಹಾಳೆ ಹರಿದು.

ಎಷ್ಟೋ ತಿಂಗಳು ಅಜ್ಜಿ ಪೋಸ್ಟಿನವರನ್ನ ಕೇಳ್ತಾನೇ ಇದ್ದಳು. ಬರಲಿಲ್ಲ. ನಾನು ಬಿಇ ಎರಡನೇ ವರ್ಷದಲ್ಲಿದ್ದಾಗ ತೀರಿಕೊಂಡಳು. ತಿಥಿಗೆ ಇಡೋಕೆ ಮನೇಲಿ ಅವಳದೊಂದು ನೆಟ್ಟಗಿನ ಫೋಟೋ ಇರಲಿಲ್ಲ. ವೋಟರ್ ಕಾರ್ಡಿನ ಫೋಟೋವನ್ನೇ ಪೇಟೆಯ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿದೆವು. ಗೋಡೆ ಮೇಲೆ ಇವತ್ತಿಗೂ ಅದೇ ಇದೆ. ಅದರಲ್ಲಿರೋದು ನಮ್ಮಜ್ಜಿ ಅಂತ ನಮಗೆ ಗೊತ್ತು, ಹಾಗಾಗಿ ಗುರುತು ಸಿಗುತ್ತೆ.

ಕನ್ನಡದಲ್ಲಿ ಫೋಟೋ 'ತೆಗೀತೀವಿ', ಇಲ್ಲಾ 'ಹೊಡೀತೀವಿ'. ಆ ಬೆಂಚಿನ ಮೇಲೆ ಕೂತು ಅದನ್ನೇ ಯೋಚಿಸಿದೆ. ತೆಗೆದಿದ್ದು ಎಲ್ಲಿಗೆ ಹೋಗುತ್ತೆ ಅಂತ ನಾವು ಕೇಳಿಕೊಳ್ಳೋದೇ ಇಲ್ಲ.

ಇದಕ್ಕೆ ನನ್ನ ಹತ್ತಿರವೇ ಎರಡು ಎದುರುವಾದ ಇದ್ದವು. ಒಂದು, ರಸ್ತೆ ಎಲ್ಲರದು, ಕಂಡದ್ದನ್ನು ತೆಗೆಯೋಕೆ ಯಾರಪ್ಪಣೆ ಬೇಕು? ಬೀದಿಯ ಫೋಟೋದಲ್ಲಿ ಹತ್ತು ಜನರ ನಡುವೆ ಆಕೆಯೂ ಬಂದಿದ್ದರೆ ನಾನು ಈ ಲೇಖನ ಬರೀತಿರಲಿಲ್ಲ. ಆದರೆ ನನ್ನ ಫೋಟೋದಲ್ಲಿ ಬೀದಿ ಮಸುಕಾಗಿತ್ತು, ಇದ್ದದ್ದು ಆಕೆ ಒಬ್ಬರೇ. ಆಕೆ ಇಲ್ಲದಿದ್ರೆ ಆ ಫೋಟೋನೇ ಇಲ್ಲ. ಅದೂ ಬೇಡ, ಬಿಡಿ. ನನಗೆ ತಪ್ಪು ಅನ್ನಿಸದೇ ಇದ್ದಿದ್ರೆ ಬಾಗಿಲ ಮರೆಗೆ ಯಾಕೆ ಹೋಗ್ತಿದ್ದೆ?

ಎರಡನೇದು, ದುಡ್ಡು ಕೊಟ್ಟು ನಿಲ್ಲಿಸಿದರೆ ಸಹಜತೆ ಹೋಗುತ್ತೆ, ಅದು ಬರೀ ವೇಷ. ಇದನ್ನ ನನ್ನಂಥವನು ಹೇಳಬಾರದು. ರಾತ್ರಿ ಒಂಬತ್ತೂವರೆ ಕಾಲ್‌ನಲ್ಲಿ ಕ್ಲೈಂಟ್ ಹೇಳೋ ಸಪ್ಪೆ ಜೋಕಿಗೆ ನಗೋದು ನನ್ನ ಸಂಬಳದಲ್ಲೇ ಸೇರಿದೆ. ಕುತ್ತಿಗೆಗೆ ಟ್ಯಾಗು, ಬಾಯಲ್ಲಿ ಊರಿನವರಿಗೆ ಗುರುತು ಸಿಗದ ಇಂಗ್ಲಿಷು. ಅದನ್ನ ಯಾರೂ ವೇಷ ಅನ್ನಲ್ಲ, ಕೆರಿಯರ್ ಅಂತಾರೆ. ಆಕೆಯೂ ಡ್ಯೂಟಿಯಲ್ಲಿದ್ದರು. ಇನ್ನು 'ಸಹಜ' ಫೋಟೋ ಅಂದ್ರೇನು? ತೆಗೆಸಿಕೊಂಡವರಿಗೆ ಗೊತ್ತಿಲ್ಲ ಅಂತ ತಾನೆ?

ಮಧ್ಯಾಹ್ನ ಒಂದು ಅಂಗಡಿಯಲ್ಲಿ ಮಾರ್ತಿನ್ ಚಾಂಬಿಯ ಹಳೇ ಫೋಟೋಗಳ ಕಾರ್ಡುಗಳು ಕಂಡವು. ಚಾಂಬಿ ಹುಟ್ಟಿದ್ದು 1891ರಲ್ಲಿ, ಕ್ವೆಚುವಾ ಮಾತಾಡೋ ಬಡ ರೈತ ಕುಟುಂಬದಲ್ಲಿ. ಚಿನ್ನದ ಗಣಿಯೊಂದಕ್ಕೆ ಬಂದ ವಿದೇಶಿ ಫೋಟೋಗ್ರಾಫರ್‌ಗಳನ್ನ ಹುಡುಗನಾಗಿದ್ದಾಗ ನೋಡಿ ಈ ಕೆಲಸಕ್ಕೆ ಮರುಳಾದ. 1920ರಲ್ಲಿ ಕುಸ್ಕೋಗೆ ಬಂದು ಸ್ಟುಡಿಯೋ ಇಟ್ಟ, 1973ರಲ್ಲಿ ಇಲ್ಲೇ ತೀರಿಕೊಂಡ. ಊರಿನ ಶ್ರೀಮಂತರದೂ ತೆಗೆದ, ಹಳ್ಳಿಯ ರೈತರದೂ ತೆಗೆದ. ಆ ರೈತರು ಕ್ಯಾಮೆರಾವನ್ನು ನೇರ ದಿಟ್ಟಿಸ್ತಾರೆ. ಯಾರೂ ಟೋಪಿ ಕೆಳಗೆಳೆದುಕೊಂಡಿಲ್ಲ. ಸ್ಟುಡಿಯೋದಲ್ಲಿ ನಿಲ್ಲೋರು ದುಡ್ಡು ಕೊಟ್ಟು ನಿಲ್ತಾರೆ, ಫೋಟೋ ಮನೆಗೆ ಒಯ್ತಾರೆ. ನನ್ನಂಥವನು ತೆಗೆದಾಗ ಫೋಟೋ ವಿಮಾನ ಹತ್ತಿ ಹೋಗುತ್ತೆ. ಹೋಗೋದು ಈ ಕಡೆಗೆ ಅಂತಾದ ಮೇಲೆ ದುಡ್ಡು ಆ ಕಡೆಗೆ ಹೋಗಬೇಕಾದ್ದು ನ್ಯಾಯವೇ. ಕಳಿಸ್ತೀವಿ ಅಂತ ಸುಳ್ಳು ಹೇಳೋದಕ್ಕಿಂತ ಎರಡು ಸೋಲ್ ಕೈಗಿಡೋದು ಮರ್ಯಾದೆ.

ಸಂಜೆ ಅದೇ ಬೀದಿಗೆ ವಾಪಸ್ ಹೋದೆ. ಆಕೆ ಇದ್ದರು. ಐದು ಸೋಲ್ ನಾಣ್ಯ ಕೊಟ್ಟೆ. ಕ್ಷಮೆ ಕೇಳೋಕೆ ಬರೋ ನಾಲ್ಕು ಸ್ಪ್ಯಾನಿಷ್ ಪದ ಜೋಡಿಸ್ತಿದ್ದ ಹಾಗೇ ಆಕೆ ಕುರಿಮರಿ ಮೇಲೆತ್ತಿ, ಟೋಪಿ ಸರಿಮಾಡಿ, ನಕ್ಕು ಪೋಸ್ ಕೊಟ್ಟರು. ಬೆಳಗಿನವನು ನಾನೇ ಅಂತ ಗುರುತೇ ಹತ್ತಿರಲಿಲ್ಲ. ದಿನಕ್ಕೆ ನನ್ನಂಥವರು ಎಷ್ಟು ಜನವೋ! ನನ್ನ ಪಶ್ಚಾತ್ತಾಪ ಅವರಿಗೆ ಇನ್ನೊಂದು ಗಿರಾಕಿ, ಅಷ್ಟೇ. ಫೋಟೋ ತೆಗೆದು ಸ್ಕ್ರೀನ್ ತೋರಿಸಿದೆ. ಬಗ್ಗಿ ನೋಡಿ, ಕುರಿಮರಿಯ ಕಣ್ಣು ಮುಚ್ಚಿಕೊಂಡಿದೆ, ಇನ್ನೊಂದು ತೆಗಿ ಅಂತ ಕೈಸನ್ನೆ ಮಾಡಿದರು. ತೆಗೆದೆ. ಬೆಳಗಿನದನ್ನು ರೂಮಿಗೆ ಹೋಗಿ ಡಿಲೀಟ್ ಮಾಡಿದೆ. ನಿಜ ಹೇಳ್ಬೇಕಂದ್ರೆ ಮೂರರಲ್ಲಿ ಚೆನ್ನಾಗಿದ್ದದ್ದು ಅದೇ.

ಎಲ್ಲಾ ಬಗೆಹರೀತು ಅಂತ ಅಲ್ಲ. ಹೋಟೆಲಿಗೆ ನಡೆಯುವಾಗ ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳು ಹಾಗೇ ಕುರಿಮರಿ ಹಿಡಿದು ಕೈ ಚಾಚಿದಳು. ಕೊಟ್ಟರೆ ನಾಳೆ ಸ್ಕೂಲ್ ತಪ್ಪಿಸ್ತಾಳೆ, ಕೊಡದಿದ್ರೆ ಇವತ್ತು ಬರಿಗೈ. ಫೋಟೋ ತೆಗೆಯಲಿಲ್ಲ, ದುಡ್ಡೂ ಕೊಡಲಿಲ್ಲ. ಅದು ಸರಿಯಾ ಅಂತ ಈಗಲೂ ಗೊತ್ತಿಲ್ಲ.

ಒಂದು ಮಾತ್ರ ಕೇಳ್ಕೋತೀನಿ. ಇದನ್ನ ಓದ್ತಿರೋ ನಿಮ್ಮ ಮನೆಯ ಹಳೇ ಆಲ್ಬಂ ಒಂದ್ಸಲ ತೆಗೆದು ನೋಡಿ. ಟಾರ್ ರಸ್ತೆ, ಪಕ್ಕದಲ್ಲಿ ರಾಗಿ ರಾಶಿ, ಮೊರ ಎತ್ತಿ ಗಾಳಿಗೆ ತೂರ್ತಾ ಇರೋ ಒಬ್ಬ ಮುದುಕಿ. ಒಂದೆರಡರಲ್ಲಿ ಸೆರಗು ಮುಖಕ್ಕೆ ಅಡ್ಡ ಇರುತ್ತೆ. ಮೂಲೆಯಲ್ಲಿ ಚಡ್ಡಿ ಹಾಕ್ಕೊಂಡು ಚಾಕಲೇಟ್ ತಿನ್ತಾ ಇರೋ ಹುಡುಗ ಇದ್ರೆ ಅದು ನಾನೇ. ಸಿಕ್ಕಿದ್ರೆ ಕಳಿಸಿ. ಎಷ್ಟಾಗುತ್ತೋ ಕೊಡ್ತೀನಿ.