ಉಪವಾಸದ ದಿನದ ಕೋಪ

ಅಷ್ಟಮಿಯ ಉಪವಾಸವನ್ನು ಹಿಡಿದ ಗೃಹಿಣಿಯೊಬ್ಬಳು ಮಧ್ಯಾಹ್ನದ ಹೊತ್ತಿಗೆ ಸೊಸೆಯ ಮೇಲೆ ರೇಗುತ್ತಾಳೆ. ಕಾರಣ ಅಲ್ಪ, ಒಲೆಯ ಮೇಲಿನ ಹಾಲು ಉಕ್ಕಿತು, ಅಷ್ಟೆ. ಸಂಜೆ ಬಸದಿಯಿಂದ ಮರಳುವಾಗ ಆಕೆಯ ಮನಸ್ಸಿನಲ್ಲಿ ಪ್ರಶ್ನೆಯೊಂದು ಏಳುತ್ತದೆ: ಬಾಯಿಗೆ ಒಂದಗುಳನ್ನೂ ಹಾಕಲಿಲ್ಲ, ಹನಿ ನೀರನ್ನೂ ಕುಡಿಯಲಿಲ್ಲ, ಆದರೂ ವ್ರತ ಉಳಿಯಿತೆ? ಹಲವು ಮನೆಗಳಲ್ಲಿ ಏಳುವ ಈ ಪ್ರಶ್ನೆಗೆ ಸಿಗುವ ಉತ್ತರಗಳು ಸಾಮಾನ್ಯವಾಗಿ ಎರಡು. ಉಂಡಿಲ್ಲವಾದ್ದರಿಂದ ಭಂಗವಿಲ್ಲವೆಂಬುದು ಒಂದು. ಕೋಪ ಬಂದ ಮೇಲೆ ಅದು ಬರಿಯ ಲಂಘನವೆಂಬುದು ಇನ್ನೊಂದು. ಎರಡೂ ಅವಸರದ ಉತ್ತರಗಳೇ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪ್ರೋಷಧೋಪವಾಸಕ್ಕೆ 5 ಅತಿಚಾರಗಳನ್ನು ಹೇಳಿದ್ದಾರೆ. ನೋಡದೆ, ಶೋಧಿಸದೆ ನೆಲದ ಮೇಲೆ ವಿಸರ್ಜಿಸುವುದು, ವಸ್ತುಗಳನ್ನು ತೆಗೆದುಕೊಳ್ಳುವುದು, ಹಾಸಿಗೆ ಹಾಸುವುದು ಮೊದಲ ಮೂರು. ಉಳಿದೆರಡು ಅನಾದರ ಮತ್ತು ಸ್ಮೃತ್ಯನುಪಸ್ಥಾನ, ಎಂದರೆ ಹಸಿವಿನಿಂದ ಕರ್ತವ್ಯದಲ್ಲಿ ಉತ್ಸಾಹ ಕುಗ್ಗುವುದು ಮತ್ತು ನೆನಹು ತಪ್ಪುವುದು. ಈ ಐದರಲ್ಲಿ ಆಹಾರದ ಮಾತೇ ಇಲ್ಲವೆಂಬುದನ್ನು ಗಮನಿಸಬೇಕು. ಉಂಡರೆ ವ್ರತವೇ ಭಂಗ; ಉಣ್ಣದೆಯೂ ವ್ರತಕ್ಕೆ ಕಲೆ ತಾಗುವ ಬಗೆಗಳಿವು, ಎಲ್ಲವೂ ಎಚ್ಚರಗೇಡಿನಿಂದ ಬರುವಂಥವು. ಆ ಗೃಹಿಣಿಯ ವ್ರತ ಮುರಿದಿಲ್ಲ, ನಿರ್ಮಲವಾಗಿಯೂ ಉಳಿದಿಲ್ಲ.

ಆದರೆ ಆ ಕೋಪ ಯಾರದು? 'ಹಸಿವು ಮಾತನಾಡಿಸಿತು' ಎನ್ನುವುದು ಲೋಕರೂಢಿ. ರಕ್ತದಲ್ಲಿ ಸಕ್ಕರೆಯ ಅಂಶ ಇಳಿದಾಗ ಮನಸ್ಸು ಸಿಡುಕುವುದುಂಟೆಂದು ವೈದ್ಯರೂ ಹೇಳುತ್ತಾರೆ. ಆಗಮದ ವಿವೇಚನೆ ಇನ್ನೂ ಸೂಕ್ಷ್ಮ. 22 ಪರೀಷಹಗಳಲ್ಲಿ ಮೊದಲನೆಯದಾದ ಕ್ಷುಧೆ ವೇದನೀಯ ಕರ್ಮದ ಉದಯದಿಂದ ಬರುವಂಥದು. ಕ್ರೋಧವಾದರೋ ಚಾರಿತ್ರಮೋಹನೀಯದ ಫಲ. ಎರಡೂ ನೆರೆಹೊರೆಯಲ್ಲಿವೆ, ಒಂದೇ ಮನೆಯವಲ್ಲ. ಉಂಡ ದಿನಗಳಲ್ಲಿ ಈ ಭೇದ ತೋರುವುದಿಲ್ಲ. ಬೇಸರ ಬಂದರೆ ಒಂದು ಲೋಟ ಕಾಫಿ, ಮುನಿಸು ಬಂದರೆ ಒಂದಿಷ್ಟು ತಿಂಡಿ; ಒಳಗಿನ ಕಷಾಯ ತನ್ನ ಮುಖ ತೋರುವ ಮೊದಲೇ ಬಾಯಿಗೆ ಏನೋ ಬಿದ್ದಿರುತ್ತದೆ. ಉಪವಾಸದ ದಿನ ಆ ಮರೆ ಇಲ್ಲ. ನಾಲ್ಕು ಗಂಟೆಯ ಕಾಫಿಯ ಹೊತ್ತು ಬರುತ್ತದೆ, ಕಾಫಿ ಬರುವುದಿಲ್ಲ, ಮುನಿಸು ಮಾತ್ರ ಬಂದು ಎದುರಿಗೆ ಕೂಡುತ್ತದೆ. ಹೊರಗಲೆಯುವ ಇಂದ್ರಿಯಗಳು ಬಂದು ಆತ್ಮದ ಸಮೀಪ ನೆಲೆಸುವುದೇ ಉಪವಾಸವೆಂಬ ಅರ್ಥವನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ತಿಳಿಸಿರುವರು. ಹಾಗೆ ಸಮೀಪಕ್ಕೆ ಬಂದಾಗ ಕಾಣುವುದು ಮೊದಲಿಗೇ ಶಾಂತಿಯಾಗಿರಬೇಕೆಂದಿಲ್ಲ. ಹಸಿವು ಎದ್ದುದನ್ನು 'ಇದು ಹಸಿವು' ಎಂದೂ, ಅದರ ಬೆನ್ನಿಗೆ ಬಂದುದನ್ನು 'ಇದು ಕ್ರೋಧ' ಎಂದೂ ಬೇರೆಬೇರೆಯಾಗಿ ಗುರುತಿಸಲು ಸಿಗುವ ಒಂದು ಕ್ಷಣವುಂಟು. ಸ್ಮೃತಿಯ ಕೆಲಸ ಅಲ್ಲಿಯೇ.

ಜೀವದಯಾಷ್ಟಮಿಯ ನೋಂಪಿಯನ್ನು ಬಲ್ಲವರಿಗೆ ಜನ್ನನ ಯಶೋಧರ ಚರಿತೆ (ಕ್ರಿ.ಶ. 1209) ಹೊಸತಲ್ಲ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಗಾಗಿಯೇ ತಾಯಿಮಗನಿಗೆ ತಿರ್ಯಗ್ಜನ್ಮಗಳು ಒದಗಿದವು. ಕೊಲ್ಲದೆಯೂ ಕೊಂದ ಪಾಪ ಉಂಟಾದರೆ, ಉಣ್ಣದೆಯೂ ಉಂಡ ಮನಸ್ಸು ಇರಲಾರದೆ? ದಿನವಿಡೀ ನಾಳೆಯ ಪಾರಣೆಯ ಊಟವನ್ನೇ ಧ್ಯಾನಿಸುವವನು ಮಾಡುತ್ತಿರುವುದು ಇಷ್ಟವಿಯೋಗದ ಆರ್ತಧ್ಯಾನ.

ಇದರಲ್ಲಿ ಸೊಸೆಯ ಪಾಲನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅತ್ತೆಯ ತಪಸ್ಸಿನ ಬೆಲೆಯನ್ನು ಅವಳೇಕೆ ತೆರಬೇಕು? ಷೋಡಶಕಾರಣ ಭಾವನೆಗಳಲ್ಲಿ ತಪಸ್ಸಿಗೆ 'ಶಕ್ತಿಗನುಸಾರ' ಎಂಬ ವಿಶೇಷಣವನ್ನು ಸುಮ್ಮನೆ ಸೇರಿಸಿಲ್ಲ. ಮನೆಮಂದಿಗೆಲ್ಲ ಅಂಜಿಕೆಯಾಗುವಂಥ ಅನಶನಕ್ಕಿಂತ ಏಕಾಶನವಾಗಲಿ, ಅವಮೌದರ್ಯವಾಗಲಿ ಮೇಲು. ಅವಮೌದರ್ಯವೂ ಬಾಹ್ಯತಪಸ್ಸುಗಳಲ್ಲಿ ಎಣಿಕೆಯಾದುದೇ. ಮಧುಮೇಹಕ್ಕೆ ಔಷಧ ಸೇವಿಸುವವರಂತೂ ವೈದ್ಯರನ್ನು ಕೇಳದೆ ಉಪವಾಸಕ್ಕೆ ತೊಡಗಬಾರದು.

ಪ್ರತಿಕ್ರಮಣದಲ್ಲಿ ಸಮಸ್ತ ಜೀವಿಗಳ ಕ್ಷಮೆ ಬೇಡುವುದು ಆ ಗೃಹಿಣಿಗೆ ಕಷ್ಟವಲ್ಲ, ಪಾಠ ಬಾಯಿಗೆ ಬರುತ್ತದೆ. ಅಡುಗೆಮನೆಯಲ್ಲಿರುವ ಒಂದು ಜೀವಿಯ ಮುಂದೆ ನಿಂತು ಆ ಮಾತನ್ನು ತನ್ನ ಮಾತಿನಲ್ಲೇ ಹೇಳಬೇಕಾದಾಗ ನಾಲಿಗೆ ತೊಡರುತ್ತದೆ. ನವಮಿಯ ಪಾರಣೆಗೆ ಇನ್ನೂ ಒಂದು ರಾತ್ರಿ ಉಳಿದಿದೆ.