ಮೊದಲು ಕುಳಿತು ಲೆಕ್ಕ ಮಾಡಿರಿ

ಸತ್ಯವೇದ ತಂದಿರುವವರು ಲೂಕನ ಸುವಾರ್ತೆ 14ನೇ ಅಧ್ಯಾಯ, 28ರಿಂದ 30ನೇ ವಚನಗಳನ್ನು ತೆಗೆಯಿರಿ.

ಒಬ್ಬ ಮನುಷ್ಯನಿಗೆ ಗೋಪುರ ಕಟ್ಟುವ ಆಸೆ. ಅವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂದು ಕರ್ತನು ಕೇಳುತ್ತಾನೆ. ಇದು ಶಿಷ್ಯತ್ವದ ಕುರಿತು ಹೇಳಿದ ಮಾತು, ನಿಜ. ಆದರೆ ಒಂದು ಗಮನಿಸಿ ಪ್ರಿಯರೇ, ಲೆಕ್ಕ ಮಾಡುವವನನ್ನು ಕರ್ತನು ಅವಿಶ್ವಾಸಿ ಅನ್ನಲಿಲ್ಲ. ಲೆಕ್ಕ ಮಾಡದೆ ಅಡಿಪಾಯ ಹಾಕಿದವನನ್ನು ನೋಡಿ ಊರೇ ನಗುತ್ತೆ ಎಂದ.

ಇವತ್ತು ಯಾಕೆ ಈ ವಾಕ್ಯ? ನಮ್ಮ ಸಭೆಗಳ ಒಳಗೇ ಒಂದು ಮಾತು ಓಡಾಡ್ತಾ ಇರುತ್ತೆ. ಆರಾಧನೆ ಮುಗಿದ ಮೇಲೆ, ಟೀ ಕುಡಿಯುವಾಗ, ಯಾರೋ ಮೆಲ್ಲಗೆ ಹೇಳ್ತಾರೆ: "ಅಕ್ಕ, 1 ಲಕ್ಷ ಹಾಕಿ, ತಿಂಗಳಿಗೆ 10 ಸಾವಿರ ಬರುತ್ತೆ. ನಮ್ಮ ವಿಶ್ವಾಸಿಗಳೇ ನಡೆಸ್ತಾ ಇದ್ದಾರೆ, ಭಯ ಇಲ್ಲ."

ಬನ್ನಿ, ಕುಳಿತು ಲೆಕ್ಕ ಮಾಡೋಣ. ತಿಂಗಳಿಗೆ ನೂರಕ್ಕೆ 10. ಬಂದದ್ದನ್ನು ಮುಟ್ಟದೆ ಅಲ್ಲೇ ಬಿಟ್ಟರೆ, 1 ಲಕ್ಷ ಒಂದೇ ವರ್ಷದಲ್ಲಿ 3 ಲಕ್ಷ ದಾಟಬೇಕು. ಐದು ವರ್ಷಕ್ಕೆ 3 ಕೋಟಿ ದಾಟಬೇಕು. ಯಾವ ನ್ಯಾಯವಾದ ವ್ಯಾಪಾರ ಹೀಗೆ ಬೆಳೆಯುತ್ತೆ, ಹೇಳಿ? ಅಷ್ಟು ಲಾಭ ಮಾಡಬಲ್ಲವನು ಬ್ಯಾಂಕಿನಲ್ಲಿ ಕಡಿಮೆ ಬಡ್ಡಿಗೆ ಸಾಲ ತಗೊಳ್ತಿದ್ದ, ನಿಮ್ಮ ಕಿವಿಯೋಲೆ ಅಡ ಇಟ್ಟ ದುಡ್ಡಿಗೆ ಯಾಕೆ ಬರ್ತಾನೆ? ಮೊದಲ ನಾಲ್ಕು ತಿಂಗಳು ದುಡ್ಡು ಬರುತ್ತೆ, ನಿಜ. ಅದು ನಿಮ್ಮದೇ ದುಡ್ಡು, ಇಲ್ಲವೇ ನಿಮ್ಮ ಹಿಂದೆ ಸೇರಿದ ತಂಗಿಯ ದುಡ್ಡು. ಹೊಸಬರು ಸೇರುವುದು ನಿಂತ ದಿನ ಅದೂ ನಿಲ್ಲುತ್ತೆ.

ಇನ್ನೂ ನೋವಿನ ವಿಷಯ ಹೇಳ್ತೀನಿ. ಕೆಲವರು ಇದಕ್ಕೆ ವಾಕ್ಯವನ್ನೇ ಉಪಯೋಗಿಸ್ತಾರೆ. "ಬೀಜ ಬಿತ್ತಿ, ನೂರರಷ್ಟು ಫಲ ಬರುತ್ತೆ" ಅಂತ. ಲೂಕ 8:11 ತೆಗೆದು ನೋಡಿ. ಬಿತ್ತುವವನ ಸಾಮ್ಯದಲ್ಲಿ ಬೀಜ ಅಂದರೆ ದೇವರ ವಾಕ್ಯ, ನೋಟಿನ ಕಟ್ಟು ಅಲ್ಲ. ದೇವರ ವಾಗ್ದಾನವನ್ನು ಬಡ್ಡಿ ದರ ಮಾಡಬೇಡಿ!

"ಪಾಸ್ಟರೇ, ಸಹೋದರನನ್ನೇ ಪ್ರಶ್ನೆ ಮಾಡೋದು ತಪ್ಪಲ್ವಾ?" ಅಂತ ಕೇಳಬಹುದು. ಅಪೊಸ್ತಲರ ಕೃತ್ಯಗಳು 17:11 ಓದಿ. ಬೆರೋಯದವರು ಪೌಲನ ಬೋಧನೆಯನ್ನೇ ದಿನಾಲು ಶಾಸ್ತ್ರ ತೆಗೆದು ಪರೀಕ್ಷಿಸಿದರು. ಸತ್ಯವೇದ ಅವರನ್ನು ಹೊಗಳುತ್ತೆ, ಬೈಯುವುದಿಲ್ಲ. ಪೌಲನ ಮಾತನ್ನೇ ಪರೀಕ್ಷಿಸಬಹುದಾದರೆ ಒಬ್ಬ ಏಜೆಂಟನ ಮಾತನ್ನು ಪರೀಕ್ಷಿಸಬಾರದೇ?

ಹೇಗೆ ಪರೀಕ್ಷಿಸುವುದು? ಚೀಟಿ ಆದರೆ, 1982ರ ಚಿಟ್ ಫಂಡ್ ಕಾಯ್ದೆಯ ಕೆಳಗೆ ನೋಂದಣಿ ಆಗಿದೆಯಾ ಕೇಳಿ. ಠೇವಣಿ ಆದರೆ, ಅದನ್ನು ತೆಗೆದುಕೊಳ್ಳಲು ಅನುಮತಿ ಇದೆಯಾ ಎಂದು ರಿಸರ್ವ್ ಬ್ಯಾಂಕಿನ 'ಸಚೇತ್' ಜಾಲತಾಣದಲ್ಲಿ ನೋಡಬಹುದು, ದೂರನ್ನೂ ಅಲ್ಲೇ ಕೊಡಬಹುದು. ಷೇರು, ಮ್ಯೂಚುವಲ್ ಫಂಡ್ ಅಂದರೆ ಸೆಬಿ ನೋಂದಣಿ ಬೇಕು. ನೋಂದಣಿ ಇದ್ದರೂ ಷೇರುಪೇಟೆ ಏರಿಳಿಯುತ್ತೆ, ಅದು ನೆನಪಿರಲಿ. ನಿಯಂತ್ರಣವಿಲ್ಲದ ಠೇವಣಿ ಯೋಜನೆ ನಡೆಸುವುದನ್ನೂ ಪ್ರಚಾರ ಮಾಡುವುದನ್ನೂ 2019ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಕಮಿಷನ್ ಆಸೆಗೆ ಪಕ್ಕದ ಮನೆಯವರನ್ನು ಸೇರಿಸುವವರು ಇದನ್ನು ಕೇಳಿಸಿಕೊಳ್ಳಿ.

ಹಾಗಾದರೆ ದುಡಿದ ಹಣವನ್ನು ಏನು ಮಾಡೋದು? ಯೋಸೇಫನನ್ನು ನೋಡಿ. ಆದಿಕಾಂಡ 41. ಬರ ಬರುತ್ತೆ ಅಂತ ದೇವರೇ ತಿಳಿಸಿದ. ಆದರೂ ಯೋಸೇಫ "ದೇವರು ನೋಡಿಕೊಳ್ತಾನೆ" ಅಂತ ಸುಮ್ಮನೆ ಕೂರಲಿಲ್ಲ. ಸುಭಿಕ್ಷದ ಏಳು ವರ್ಷ, ಬೆಳೆಯ ಐದನೇ ಒಂದು ಪಾಲು ಕಣಜಕ್ಕೆ. ಆ ವಿವೇಕವನ್ನು ದೇವರು ಐಗುಪ್ತವನ್ನು ಉಳಿಸಲು ಉಪಯೋಗಿಸಿದ.

ನಮ್ಮ ಮನೆಯಲ್ಲಿ ಮೊದಲು ಸಾಲ ತೀರಿಸಿ. ತಿಂಗಳಿಗೆ ನೂರಕ್ಕೆ 3 ರೂಪಾಯಿ ಬಡ್ಡಿ ಸಣ್ಣದು ಅನ್ಸುತ್ತೆ, ವರ್ಷಕ್ಕೆ ಅದು 36. ಅಷ್ಟು ಬಡ್ಡಿ ಕಟ್ಟುತ್ತಾ ಇನ್ನೊಂದು ಕಡೆ ಹೂಡಿಕೆ ಮಾಡುವುದು, ತೂತು ಕೊಡಕ್ಕೆ ನೀರು ತುಂಬಿದ ಹಾಗೆ. ಆಮೇಲೆ ಮೂರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿ ಇರಲಿ. ಬ್ಯಾಂಕೇ ಮುಳುಗಿದರೂ, ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಅಪಘಾತ ವಿಮೆ ವರ್ಷಕ್ಕೆ 20 ರೂಪಾಯಿ, ಜೀವ ವಿಮೆ 436 ರೂಪಾಯಿ; ತಲಾ 2 ಲಕ್ಷದ ಈ ಪ್ರಧಾನಮಂತ್ರಿ ಯೋಜನೆಗಳನ್ನು ವಯಸ್ಸಿನ ಮಿತಿ ನೋಡಿ ನಿಮ್ಮ ಬ್ಯಾಂಕಿನಲ್ಲೇ ಮಾಡಿಸಿ. ವಿಮೆ ಮಾಡಿಸಿದರೆ ವಿಶ್ವಾಸ ಕಡಿಮೆ ಆಗೋಲ್ಲ.

ಇಷ್ಟಾದ ಮೇಲೆ ಉಳಿತಾಯ. ಅಂಚೆ ಕಚೇರಿಯ ಆರ್‌ಡಿ ಇದೆ, 15 ವರ್ಷದ ಪಿಪಿಎಫ್ ಇದೆ, ಹೆಣ್ಣುಮಗು ಇದ್ದರೆ ಸುಕನ್ಯಾ ಸಮೃದ್ಧಿ ಇದೆ. ಹತ್ತು ವರ್ಷ ಮುಟ್ಟದ ಹಣ ಇದ್ದರೆ ಮಾತ್ರ, ತಿಳಿದುಕೊಂಡು, ಮ್ಯೂಚುವಲ್ ಫಂಡಿನಲ್ಲಿ ತಿಂಗಳು ತಿಂಗಳು ಸ್ವಲ್ಪ. ಎಲ್ಲವನ್ನೂ ಒಂದೇ ಕಡೆ ಇಡಬೇಡಿ. ಪ್ರಸಂಗಿ 11:2 ಏಳೆಂಟು ಪಾಲು ಮಾಡಲು ಕಲಿಸುತ್ತೆ. ಸ್ವಲ್ಪ ಸ್ವಲ್ಪವಾಗಿ ಕೂಡಿಸಿದ್ದು ಬೆಳೆಯುತ್ತೆ ಅನ್ನೋದು ಜ್ಞಾನೋಕ್ತಿ 13:11ರ ಬುದ್ಧಿ.

ಸಭೆಗೆ ಒಂದು ನಿಯಮ ಹೇಳಿ ಮುಗಿಸ್ತೀನಿ. ಈ ಆವರಣದಲ್ಲಿ ಯಾರೂ ಸ್ಕೀಮ್ ಮಾರಬಾರದು. ಹಿರಿಯರಾಗಲಿ, ಅತಿಥಿ ಬೋಧಕರಾಗಲಿ, ನಾನೇ ಆಗಲಿ. ಈಗಾಗಲೇ ಹಣ ಹಾಕಿ, ಗಂಡನಿಗೆ ಹೇಳಲಾರದೆ ರಾತ್ರಿ ಅಳುತ್ತಿರುವ ಸಹೋದರಿ ಇಲ್ಲಿದ್ದರೆ, ಅಮ್ಮ, ನಾಚಿಕೆಪಡಬೇಡಿ. ಇದ್ದಬದ್ದ ರಸೀದಿ, ಮೆಸೇಜು ಎಲ್ಲ ಇಟ್ಟುಕೊಳ್ಳಿ. ಹೋದದ್ದನ್ನು ತರಲು ಇನ್ನಷ್ಟು ಹಾಕಬೇಡಿ. ನನ್ನ ಹೆಂಡತಿಯೂ ನಾನೂ ನಿಮ್ಮ ಜೊತೆ ಪೊಲೀಸ್ ಠಾಣೆಗೆ ಬರ್ತೀವಿ.

ಎಲ್ಲರೂ ಎದ್ದು ನಿಲ್ಲೋಣ. ಪ್ರಾರ್ಥಿಸೋಣ.

ಪರಲೋಕದ ತಂದೆಯೇ, ದಿನದ ರೊಟ್ಟಿ ಕೊಡುವವನು ನೀನೇ. ಬೇಗ ಶ್ರೀಮಂತರಾಗುವ ಆಸೆಯಿಂದ ನಮ್ಮನ್ನು ಬಿಡಿಸು. ಮೋಸಹೋದವರ ಕಣ್ಣೀರು ಒರೆಸು, ಮೋಸ ಮಾಡುವವರ ಮನಸ್ಸು ತಿರುಗಿಸು. ಕುಳಿತು ಲೆಕ್ಕ ಮಾಡುವ ವಿವೇಕವನ್ನು ಪ್ರತಿ ಮನೆಗೂ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.